ಮಗುವಿನ ಗುಟ್ಟು ಯಾರದು?

"ನಾನು ಹೆತ್ತ ಮಗು. ಅದರ ವಿಷಯವಾಗಿ ಬರೆದಿರುವ ವರದಿಯನ್ನು ನನಗೇ ತೋರಿಸುವುದಿಲ್ಲವಂತೆ. ಆದರೆ ನಮ್ಮ ಕೇರಿಯವರಿಗೆಲ್ಲ ಸಂಗತಿ ಆಗಲೇ ಗೊತ್ತಾಗಿದೆ. ಇದೆಂಥ ನ್ಯಾಯ?"

ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆದೊಯ್ದ ಯಾವ ಮನೆಯಲ್ಲಾದರೂ ಇಂಥ ಮಾತು ಏಳಬಹುದು. ಇದರಲ್ಲಿ ಎರಡು ದೂರುಗಳಿವೆ. ತಿಳಿಯಬೇಕಾದ ತಾಯಿಗೆ ತಿಳಿಯಲಿಲ್ಲ ಎಂಬುದು ಒಂದು. ತಿಳಿಯಬಾರದ ಊರಿಗೆಲ್ಲ ತಿಳಿದುಹೋಯಿತು ಎಂಬುದು ಇನ್ನೊಂದು. ಪ್ರಿಯ ಓದುಗರೇ, ನಮ್ಮ ದೇಶದ ಕಾನೂನಿನ ಆಶಯ ಇದಕ್ಕೆ ತೀರ ವಿರುದ್ಧವಾದುದು. ಮಗುವಿನ ಸಂಗತಿ ಊರಿಗೆ ತಿಳಿಯಬಾರದು. ಆದರೆ ಹೆತ್ತವರಿಗೆ ತಮ್ಮ ಬಗ್ಗೆ ಏನು ಹೇಳಲಾಗಿದೆ ಎಂದು ತಿಳಿದು ಅದಕ್ಕೆ ಉತ್ತರ ಕೊಡುವ ಅವಕಾಶ ಇರಬೇಕು. ಇವೆರಡನ್ನೂ ಒಟ್ಟಿಗೆ ನಡೆಸಿಕೊಂಡು ಹೋಗುವುದು ಹೇಗೆ ಎಂಬುದನ್ನು ಈ ವಾರದ ಪಾಠದಲ್ಲಿ ತಿಳಿದುಕೊಳ್ಳೋಣ.

ಒಂದು ಮನೆಯ ಉದಾಹರಣೆ

ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ತಾಯಿ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಕುಡಿತಕ್ಕೆ ಬಿದ್ದ ಗಂಡ ಮನೆ ಬಿಟ್ಟು ಹೋಗಿ ವರ್ಷವಾಯಿತು. ಏಳು ವರ್ಷದ ಮಗಳು, ಮೂರು ವರ್ಷದ ಮಗ. ನೋಡಿಕೊಳ್ಳುವವರಿಲ್ಲದೆ ತಾಯಿ ಮಕ್ಕಳನ್ನು ಒಳಗೆ ಬಿಟ್ಟು, ಹೊರಗಿನಿಂದ ಬೀಗ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಾಳೆ. ಒಂದು ದಿನ ಮಧ್ಯಾಹ್ನ ಮಕ್ಕಳು ಅಳುವುದನ್ನು ಕೇಳಿದ ನೆರೆಯವರೊಬ್ಬರು ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡುತ್ತಾರೆ. ಸಂಜೆ ತಾಯಿ ಮರಳಿ ಬಂದಾಗ ಮನೆಯಲ್ಲಿ ಮಕ್ಕಳಿಲ್ಲ. ಅವರನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿ ಸದ್ಯಕ್ಕೆ ಮಕ್ಕಳ ಸಂಸ್ಥೆಯೊಂದರಲ್ಲಿ ಇರಿಸಲಾಗಿದೆ.

ಈ ಕಥೆಯಲ್ಲಿ ತಪ್ಪು ಯಾರದು? ನೆರೆಯವರು ಮಕ್ಕಳ ಪ್ರಾಣಕ್ಕೆ ಅಪಾಯವಾದೀತೆಂದು ಹೆದರಿದರು. ತಾಯಿ ಹೊಟ್ಟೆಪಾಡಿಗಾಗಿ ದುಡಿಯಲು ಹೋದಳು. ಇಲ್ಲಿ ದುಷ್ಟರೆಂಬವರು ಯಾರೂ ಇಲ್ಲ. ಆದರೂ ಒಂದು ಕುಟುಂಬ ಒಡೆದುಹೋಗುವ ಅಂಚಿಗೆ ಬಂದು ನಿಂತಿದೆ. ಇನ್ನು ಮುಂದೆ ಏನಾಗುತ್ತದೆ ಎಂಬುದು, ಯಾರಿಗೆ ಏನು ತಿಳಿಯುತ್ತದೆ ಎಂಬುದರ ಮೇಲೆ ಬಹುಮಟ್ಟಿಗೆ ನಿಂತಿರುತ್ತದೆ.

ಸಮಿತಿ ಎಂದರೇನು?

2015ರ ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆಯು 2016ರ ಜನವರಿ 15ರಿಂದ ಜಾರಿಯಲ್ಲಿದೆ. ಅದರಂತೆ ಪ್ರತಿ ಜಿಲ್ಲೆಗೂ ಒಂದು ಅಥವಾ ಹೆಚ್ಚು ಮಕ್ಕಳ ಕಲ್ಯಾಣ ಸಮಿತಿಗಳಿರಬೇಕು. ಒಂದು ಸಮಿತಿಯಲ್ಲಿ ಒಬ್ಬ ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರು. ಅವರಲ್ಲಿ ಒಬ್ಬರಾದರೂ ಮಹಿಳೆ ಇರಲೇಬೇಕು. ಇದು ಪೊಲೀಸು ಠಾಣೆಯಲ್ಲ, ಆದರೆ ಇದಕ್ಕೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರಿಗಿರುವ ಅಧಿಕಾರವಿದೆ. ಆದ್ದರಿಂದ ಅದರ ಆದೇಶವನ್ನು ಹಗುರವಾಗಿ ಕಾಣುವಂತಿಲ್ಲ.

ರಕ್ಷಣೆ ಬೇಕಾದ ಮಗುವನ್ನು, ಪ್ರಯಾಣದ ಸಮಯವನ್ನು ಬಿಟ್ಟು, 24 ಗಂಟೆಯೊಳಗೆ ಸಮಿತಿಯ ಮುಂದೆ ತರಬೇಕು. ಆಮೇಲೆ ಮನೆಯ ಸ್ಥಿತಿಗತಿಗಳನ್ನು ವಿಚಾರಿಸಿ ಸಾಮಾಜಿಕ ತನಿಖಾ ವರದಿಯನ್ನು ಸಿದ್ಧಪಡಿಸುತ್ತಾರೆ. ಈ ತನಿಖೆ 15 ದಿನಗಳಲ್ಲಿ ಮುಗಿಯಬೇಕು. ಮಗುವನ್ನು ಮೊದಲು ಹಾಜರುಪಡಿಸಿದ ದಿನದಿಂದ ನಾಲ್ಕು ತಿಂಗಳೊಳಗೆ ಸಮಿತಿ ಅಂತಿಮ ಆದೇಶ ಕೊಡುವಂತಾಗಬೇಕು. ಮಗುವನ್ನು ಹೆತ್ತವರಿಗೆ ಮರಳಿ ಒಪ್ಪಿಸಬಹುದು, ಮೇಲ್ವಿಚಾರಣೆಯ ಷರತ್ತಿನೊಂದಿಗೆ ಒಪ್ಪಿಸಬಹುದು, ಬಂಧುವಿನಂಥ ಯೋಗ್ಯ ವ್ಯಕ್ತಿಯ ವಶಕ್ಕೆ ಕೊಡಬಹುದು, ಇಲ್ಲವೆ ಮಕ್ಕಳ ಸಂಸ್ಥೆಯಲ್ಲಿ ಇರಿಸಬಹುದು. ಸಮಿತಿಯ ಮುಂದೆ ಮಗು ಹೋಯಿತೆಂದರೆ ಅದು ಇನ್ನು ಮನೆಗೆ ಬರುವುದೇ ಇಲ್ಲ ಎಂಬ ಭಯಕ್ಕೆ ಆಧಾರವಿಲ್ಲ.

ತಂದೆತಾಯಿಯ ಸ್ಥಾನ

ಮಕ್ಕಳನ್ನು ಬೆಳೆಸುವ ಮೊದಲ ಹಕ್ಕೂ ಮೊದಲ ಹೊಣೆಯೂ ಹೆತ್ತವರದೇ ಎಂದು ಧರ್ಮಸಭೆ ಎಂದಿನಿಂದಲೂ ಬೋಧಿಸುತ್ತ ಬಂದಿದೆ. 1983ರಲ್ಲಿ ಪವಿತ್ರ ಪೀಠವು ಹೊರಡಿಸಿದ ಕುಟುಂಬದ ಹಕ್ಕುಗಳ ಸನ್ನದು, ಸರ್ಕಾರಗಳು ಕುಟುಂಬದ ಘನತೆಯನ್ನೂ ಅದರ ಖಾಸಗಿ ಬದುಕನ್ನೂ ಗೌರವಿಸಬೇಕೆಂದು ಕೇಳಿಕೊಂಡಿತು. ನಮ್ಮ ದೇಶದ ಕಾಯ್ದೆಯಲ್ಲಿಯೂ ಇದೇ ಭಾವನೆ ಇದೆ ಎಂಬುದು ಅನೇಕರಿಗೆ ತಿಳಿಯದು. ಬಾಲನ್ಯಾಯ ಕಾಯ್ದೆಯ 3ನೆಯ ಕಲಮಿನಲ್ಲಿ 16 ತತ್ವಗಳಿವೆ. ಮಗುವಿನ ಪಾಲನೆಯ ಮೊದಲ ಹೊಣೆ ಅದರ ಕುಟುಂಬದ್ದು ಎಂಬುದು ಅವುಗಳಲ್ಲಿ ಒಂದು. ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿಯಾಗಬೇಕು ಎಂಬುದು ಇನ್ನೊಂದು. ಮಗುವಿನ ಹಿತಕ್ಕೆ ಧಕ್ಕೆಯಿಲ್ಲದಿದ್ದರೆ ಅದು ಆದಷ್ಟು ಬೇಗ ತನ್ನ ಕುಟುಂಬವನ್ನು ಸೇರುವ ಹಕ್ಕು ಪಡೆದಿದೆ ಎಂಬುದು ಮತ್ತೊಂದು.

ಬಡತನದ ವಿಷಯದಲ್ಲಿ ಒಂದು ಮಾತನ್ನು ವಿಶೇಷವಾಗಿ ಹೇಳಬೇಕು. 2009ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ ಮಾರ್ಗಸೂಚಿಗಳ ಪ್ರಕಾರ, ಬಡತನವೊಂದನ್ನೇ ಕಾರಣವಾಗಿಟ್ಟುಕೊಂಡು ಮಗುವನ್ನು ಹೆತ್ತವರಿಂದ ಬೇರ್ಪಡಿಸಕೂಡದು. ಬಡತನ ಕಂಡುಬಂದರೆ ಆ ಕುಟುಂಬಕ್ಕೆ ನೆರವು ಬೇಕಾಗಿದೆ ಎಂದು ತಿಳಿಯಬೇಕು. ನಮ್ಮ ಕಾಯ್ದೆಯ 45ನೆಯ ಕಲಮಿನಲ್ಲಿ ಪ್ರಾಯೋಜಕತ್ವ ಎಂಬ ನೆರವಿನ ಏರ್ಪಾಡಿದೆ. ವಿಧವೆಯಾದ, ವಿಚ್ಛೇದಿತಳಾದ ಅಥವಾ ಕುಟುಂಬದವರು ಕೈಬಿಟ್ಟ ತಾಯಿಯ ಮಕ್ಕಳು, ಮಾರಕ ಕಾಯಿಲೆಗೆ ತುತ್ತಾದವರ ಮಕ್ಕಳು ಇದಕ್ಕೆ ಅರ್ಹರು. ಕೇಂದ್ರ ಸರ್ಕಾರದ 'ಮಿಷನ್ ವಾತ್ಸಲ್ಯ' ಯೋಜನೆಯ 2022ರ ಮಾರ್ಗಸೂಚಿಯು ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ ಎಂದು ಗೊತ್ತುಮಾಡಿತು. ನಮ್ಮ ಉದಾಹರಣೆಯ ತಾಯಿ ಈ ನೆರವಿಗೆ ಅರ್ಜಿ ಹಾಕಿಕೊಳ್ಳಬಹುದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಇದನ್ನು ವಿಚಾರಿಸಬೇಕು.

ಆದರೆ ಹೆತ್ತವರ ಹಕ್ಕು ಹೊಲದ ಮೇಲಿನ ಹಕ್ಕಿನಂತಲ್ಲ. ಹೊಲವನ್ನು ಬೀಳುಬಿಟ್ಟರೂ ಅದು ನಮ್ಮದೇ. ಮಗುವಿನ ಮೇಲಿನ ಹಕ್ಕು ಮಗುವಿನ ಹಿತಕ್ಕಾಗಿ ದೇವರು ನಮ್ಮ ಕೈಗೆ ಒಪ್ಪಿಸಿದ್ದು. ಹೊಡೆತ, ಹಸಿವು, ಲೈಂಗಿಕ ಕಿರುಕುಳ ಇವುಗಳ ನಡುವೆ ಮಗುವನ್ನು ಇರಿಸಿ, "ನನ್ನ ಮಗು, ನನ್ನಿಷ್ಟ" ಎನ್ನುವ ಹಕ್ಕನ್ನು ದೇವರೂ ಕೊಟ್ಟಿಲ್ಲ, ಕಾನೂನೂ ಕೊಟ್ಟಿಲ್ಲ.

ವರದಿಯನ್ನು ಏಕೆ ಮುಚ್ಚಿಡುತ್ತಾರೆ?

ಈಗ ತಾಯಿಯ ಮೊದಲ ದೂರಿಗೆ ಬರೋಣ. ಕಾಯ್ದೆಯ 99ನೆಯ ಕಲಮು, ಮಗುವಿಗೆ ಸಂಬಂಧಪಟ್ಟು ಸಮಿತಿಯ ಮುಂದಿರುವ ಎಲ್ಲ ವರದಿಗಳನ್ನೂ ಗೌಪ್ಯವೆಂದು ಎಣಿಸಬೇಕು ಎನ್ನುತ್ತದೆ. ಇಷ್ಟನ್ನೇ ಓದಿ, ಕೆಲವೊಮ್ಮೆ ಕಚೇರಿಯ ಮೇಜಿನಾಚೆಯಿಂದ "ಅದೆಲ್ಲ ಗೌಪ್ಯ, ಹೇಳುವ ಹಾಗಿಲ್ಲ" ಎಂಬ ಉತ್ತರ ಬಂದುಬಿಡಬಹುದು. ಆದರೆ ಆ ಕಲಮು ಅಲ್ಲಿಗೆ ಮುಗಿಯುವುದಿಲ್ಲ. ಸಮಿತಿಗೆ ಸರಿಯೆಂದು ತೋರಿದರೆ ವರದಿಯ ಸಾರಾಂಶವನ್ನು ಮಗುವಿಗೆ, ಮಗುವಿನ ತಂದೆತಾಯಿಗೆ ಅಥವಾ ಪೋಷಕರಿಗೆ ತಿಳಿಸಬಹುದು. ವರದಿಯಲ್ಲಿ ಹೇಳಿರುವ ವಿಷಯಕ್ಕೆ ಸಂಬಂಧಿಸಿ ಸಾಕ್ಷ್ಯ ಒದಗಿಸುವ ಅವಕಾಶವನ್ನೂ ಅವರಿಗೆ ಕೊಡಬಹುದು ಎಂಬ ಮಾತು ಅದರಲ್ಲಿಯೇ ಇದೆ.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದು, ಕಾನೂನು ಹೇಳುವುದು ಸಾರಾಂಶ ಎಂದು. ಇಡೀ ವರದಿ ಎಂದಲ್ಲ. ಇದಕ್ಕೆ ಕಾರಣವುಂಟು. ಏಳು ವರ್ಷದ ಮಗಳು ಆಪ್ತ ಸಲಹೆಗಾರರ ಬಳಿ ಅಳುತ್ತ ಹೇಳಿಕೊಂಡ ಮಾತು ಆ ವರದಿಯಲ್ಲಿರಬಹುದು. "ಅಮ್ಮ ಸಿಟ್ಟು ಬಂದಾಗ ಸೌಟಿನಿಂದ ಹೊಡೆಯುತ್ತಾಳೆ" ಎಂದು ಅವಳು ಹೇಳಿರಬಹುದು. ಆ ಮಾತು ಅಕ್ಷರಶಃ ಮನೆಗೆ ಹೋದರೆ ಮಗು ಮುಂದೆಂದೂ ಯಾರ ಬಳಿಯೂ ಬಾಯಿಬಿಡಲಾರದು. ಎರಡನೆಯದು, ಕಾನೂನು "ತಿಳಿಸಬಹುದು" ಎನ್ನುತ್ತದೆಯೇ ಹೊರತು "ತಿಳಿಸಲೇಬೇಕು" ಎನ್ನುವುದಿಲ್ಲ. ಆದರೆ ಆಗಲೇ ಹೇಳಿದ 16 ತತ್ವಗಳಲ್ಲಿ ಕೊನೆಯದು ಸಹಜ ನ್ಯಾಯದ ತತ್ವ. ಸಂಬಂಧಪಟ್ಟವರ ಮಾತನ್ನು ನಿಷ್ಪಕ್ಷಪಾತವಾಗಿ ಕೇಳಬೇಕು ಎಂಬುದು ಅದರ ತಿರುಳು. ತನ್ನ ಮೇಲೆ ಏನು ಹೇಳಿದ್ದಾರೆಂದೇ ತಿಳಿಯದ ತಾಯಿ ಏನೆಂದು ಉತ್ತರ ಕೊಟ್ಟಾಳು? ಆದ್ದರಿಂದ ಸಾರಾಂಶವನ್ನು ಕೇಳುವುದು ಉದ್ಧಟತನವಲ್ಲ. ಅದು ಕಾನೂನಿನಲ್ಲೇ ಇರುವ ಅವಕಾಶ.

1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿತು. ಮಗುವನ್ನು ಹೆತ್ತವರಿಂದ ಬೇರ್ಪಡಿಸುವ ಪ್ರಸಂಗ ಬಂದರೆ ಸಂಬಂಧಪಟ್ಟ ಎಲ್ಲರೂ ವಿಚಾರಣೆಯಲ್ಲಿ ಭಾಗವಹಿಸಿ ತಮ್ಮ ಅಭಿಪ್ರಾಯ ಹೇಳಲು ಅವಕಾಶವಿರಬೇಕು ಎಂದು ಅದರ 9ನೆಯ ವಿಧಿ ಹೇಳುತ್ತದೆ. ಮಗುವಿನ ಖಾಸಗಿ ಬದುಕಿಗೆ ರಕ್ಷಣೆ ಬೇಕೆಂದು 16ನೆಯ ವಿಧಿ ಹೇಳುತ್ತದೆ. ಎರಡೂ ಒಂದೇ ಒಡಂಬಡಿಕೆಯ ಮಾತುಗಳು. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವಂತಿಲ್ಲ.

ಹಾಗಾದರೆ ಈ ಗುಟ್ಟು ಯಾರದು? ಅಧಿಕಾರಿಗಳದೂ ಅಲ್ಲ, ಹೆತ್ತವರದೂ ಅಲ್ಲ, ಅದು ಮಗುವಿನದು. 99ನೆಯ ಕಲಮಿನ ಎರಡನೆಯ ಭಾಗ ಇದನ್ನು ಸ್ಪಷ್ಟಪಡಿಸುತ್ತದೆ. ಅನ್ಯಾಯಕ್ಕೊಳಗಾದ ಮಗುವಿಗೆ ತನ್ನ ಪ್ರಕರಣದ ದಾಖಲೆ, ಆದೇಶ, ಕಾಗದಪತ್ರಗಳನ್ನು ಯಾರೂ ನಿರಾಕರಿಸುವಂತಿಲ್ಲ. ಗೌಪ್ಯತೆ ಮಗುವಿನ ಸುತ್ತ ಕಟ್ಟಿದ ಬೇಲಿ. ಅಧಿಕಾರಿ ತನ್ನ ತಪ್ಪನ್ನು ಮರೆಮಾಚಲು ಅದನ್ನು ಬಳಸಿಕೊಂಡರೆ, ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ.

ನೆರೆಹೊರೆಯವರ ನಾಲಿಗೆ

ತಾಯಿಯ ಎರಡನೆಯ ದೂರು ನಮ್ಮನ್ನೇ ಮುಟ್ಟುತ್ತದೆ. ಊರಿಗೆ ಸುದ್ದಿ ಹೇಗೆ ತಿಳಿಯಿತು? ಬಹಳ ಸಲ ಅದು ಕಚೇರಿಯಿಂದ ಹೊರಬರುವುದಿಲ್ಲ. ನಮ್ಮ ಬಾಯಿಯಿಂದಲೇ ಹೊರಬರುತ್ತದೆ.

ಮಕ್ಕಳ ಸಮಿತಿಯ ಪ್ರಕರಣದಲ್ಲಿರುವ ಮಗುವಿನ ಹೆಸರು, ವಿಳಾಸ, ಶಾಲೆ ಅಥವಾ ಗುರುತು ಹತ್ತಬಹುದಾದ ಇನ್ನಾವುದೇ ವಿವರವನ್ನು ಪತ್ರಿಕೆಯಲ್ಲಾಗಲಿ, ಟಿ.ವಿ.ಯಲ್ಲಾಗಲಿ, ಬೇರೆ ಯಾವುದೇ ಸಂಪರ್ಕ ಸಾಧನದಲ್ಲಾಗಲಿ ಪ್ರಕಟಿಸಕೂಡದು. ಚಿತ್ರವನ್ನೂ ಹಾಕಕೂಡದು ಎಂದು 74ನೆಯ ಕಲಮು ವಿಧಿಸುತ್ತದೆ. ಮಗುವಿನ ಹಿತಕ್ಕೆ ಅಗತ್ಯವೆಂದು ಸಮಿತಿಯೇ ಬರವಣಿಗೆಯಲ್ಲಿ ಅನುಮತಿ ಕೊಟ್ಟರೆ ಮಾತ್ರ ವಿನಾಯಿತಿ. ತಪ್ಪಿದವರಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ವಾಟ್ಸ್ಆ್ಯಪ್ ಗುಂಪಿನಲ್ಲಿ ಹಂಚುವುದೂ ಸಂಪರ್ಕ ಸಾಧನವೇ ಎಂಬುದನ್ನು ಮರೆಯದಿರೋಣ.

ಇಲ್ಲಿ ನಮ್ಮ ಧರ್ಮಕೇಂದ್ರಗಳ ಎರಡು ಅಭ್ಯಾಸಗಳನ್ನು ಪರಿಶೀಲಿಸಿಕೊಳ್ಳಬೇಕು. ಕ್ರಿಸ್ಮಸ್ ಸಮಯದಲ್ಲಿ ಸಂಘಗಳವರು ಮಕ್ಕಳ ಸಂಸ್ಥೆಗಳಿಗೆ ಹೋಗಿ ಕೇಕು, ಬಟ್ಟೆ ಹಂಚುತ್ತಾರೆ, ಒಳ್ಳೆಯದೇ. ಆದರೆ ಆ ಮಕ್ಕಳ ಮುಖ ಕಾಣುವಂತೆ ಚಿತ್ರ ತೆಗೆದು ಪತ್ರಿಕೆಗೆ ಕಳುಹಿಸುವುದು, ಫೋನಿನಲ್ಲಿ ಹಂಚುವುದು ಸರಿಯಲ್ಲ. ಮುಂದೆ ಆ ಹುಡುಗ ಕೆಲಸಕ್ಕೋ ಮದುವೆಗೋ ನಿಂತಾಗ ಆ ಚಿತ್ರ ಅವನ ಬೆನ್ನು ಹತ್ತಬಾರದು. ಇನ್ನೊಂದು, ಪ್ರಾರ್ಥನಾ ಕೂಟಗಳಲ್ಲಿ, "ಇಂಥವರ ಮಗಳನ್ನು ಸಮಿತಿಯವರು ಕರೆದುಕೊಂಡು ಹೋಗಿದ್ದಾರೆ, ಆ ಕುಟುಂಬಕ್ಕಾಗಿ ಪ್ರಾರ್ಥಿಸೋಣ" ಎಂದು ಹೇಳುವುದು. ಹೇಳುವವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಹತ್ತು ಮನೆಯವರು ಕೇಳಿದ ಮಾತು ಮರುದಿನ ನೂರು ಮನೆ ಮುಟ್ಟುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳುವುದು ಸುಮ್ಮನೆ ಅಲ್ಲ. "ಕಷ್ಟದಲ್ಲಿರುವ ಒಂದು ಕುಟುಂಬಕ್ಕಾಗಿ ಪ್ರಾರ್ಥಿಸೋಣ" ಎಂದರೆ ಸಾಕು. ದೇವರಿಗೆ ವಿಳಾಸ ಬೇಕಾಗಿಲ್ಲ.

ಮತ್ತಾಯನ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ ಸಂತ ಜೋಸೆಫರನ್ನು ನೀತಿವಂತರೆಂದು ಕರೆದಿದೆ. ಮರಿಯಳು ಗರ್ಭವತಿಯೆಂದು ತಿಳಿದಾಗ ಅವರು ನಿಜಸಂಗತಿ ಏನೆಂದು ಅರಿಯದವರು. ಆದರೂ ಅವಳನ್ನು ಊರಿನ ಮುಂದೆ ಅವಮಾನಕ್ಕೆ ಗುರಿಮಾಡಬಾರದೆಂದು ಅವರು ಬಯಸಿದರು. ಬಲಹೀನರ ಮಾನವನ್ನು ಕಾಯುವ ಮೌನ ನೀತಿವಂತರ ಗುಣ ಎಂಬುದನ್ನು ಅವರಿಂದ ಕಲಿಯೋಣ.

ಮುಚ್ಚಿಡಬಾರದ ಗುಟ್ಟು

ಹಾಗೆಂದು ಎಲ್ಲ ಮೌನವೂ ಪುಣ್ಯವಲ್ಲ. ಮಗುವನ್ನು ಕಾಪಾಡುವ ಮೌನ ಒಂದು. ಮಗುವನ್ನು ಕೆಡಿಸಿದವರನ್ನು ಕಾಪಾಡುವ ಮೌನ ಇನ್ನೊಂದು. ಬಂಧುವೊಬ್ಬ ಮಗುವಿನೊಂದಿಗೆ ಅಸಭ್ಯವಾಗಿ ನಡೆದುಕೊಂಡನೆಂದು ತಿಳಿದಾಗ, "ಮನೆತನದ ಮಾನ ಹೋಗುತ್ತದೆ, ಹೊರಗೆ ಹೇಳಬೇಡಿ" ಎನ್ನುವ ಹಿರಿಯರು ಉಂಟು. ಅಲ್ಲಿ ಮುಚ್ಚಿಡುತ್ತಿರುವುದು ಮಗುವಿನ ಗುಟ್ಟನ್ನಲ್ಲ, ಅಪರಾಧಿಯ ಗುಟ್ಟನ್ನು.

ಪೋಕ್ಸೊ ಎಂದು ಕರೆಯುವ 2012ರ ಕಾಯ್ದೆಯ 19ನೆಯ ಕಲಮಿನ ಪ್ರಕಾರ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದ ಅಥವಾ ನಡೆಯಬಹುದೆಂಬ ಶಂಕೆಯಿರುವ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಶಿಕ್ಷೆಯಾಗಬಹುದು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಸದ್ಭಾವನೆಯಿಂದ ತಿಳಿಸಿದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಧರ್ಮೋಪದೇಶದ ಶಿಕ್ಷಕಿ, ವಿದ್ಯಾರ್ಥಿನಿಲಯದ ಧರ್ಮಭಗಿನಿ, ಶಾಲೆಯ ಮುಖ್ಯೋಪಾಧ್ಯಾಯರು ಎಲ್ಲರಿಗೂ ಇದು ಅನ್ವಯಿಸುತ್ತದೆ. ಪಾಪನಿವೇದನೆಯ ಗುಟ್ಟನ್ನು ಗುರುವು ಯಾವ ಕಾರಣಕ್ಕೂ ಒಡೆಯುವಂತಿಲ್ಲವೆಂಬುದು ಧರ್ಮಸಭೆಯ ಕಾನೂನಿನ 983ನೆಯ ವಿಧಿ. ಆದರೆ ಗುರುಗಳ ಕಚೇರಿಯಲ್ಲೋ ಜಗಲಿಯಲ್ಲೋ ಆಡಿದ ಮಾತಿಗೆ ಆ ಮುದ್ರೆಯಿಲ್ಲ. ಗುರುಗಳಿಂದಲೇ ನಡೆದ ಇಂಥ ಅಪರಾಧಗಳ ವಿಚಾರಣೆಗೆ ಇದ್ದ ಪೀಠದ ರಹಸ್ಯ ನಿಯಮವನ್ನು ಪೋಪ್ ಫ್ರಾನ್ಸಿಸ್‌ರವರು 2019ರ ಡಿಸೆಂಬರಿನಲ್ಲಿ ತೆಗೆದುಹಾಕಿದರು. ಕಚೇರಿಯ ಗೌಪ್ಯತೆಯ ನೆಪದಲ್ಲಿ ದೇಶದ ಕಾನೂನು ವಿಧಿಸಿದ ಕರ್ತವ್ಯಕ್ಕೆ ಅಡ್ಡಿಯಾಗಬಾರದೆಂದು ಆಗ ಸ್ಪಷ್ಟವಾಗಿ ಹೇಳಲಾಯಿತು.

ದೂರು ಕೊಟ್ಟರೆ ಮಗುವಿನ ಹೆಸರು ಬಯಲಾಗುತ್ತದೆಂಬ ಭಯ ಹೆತ್ತವರಿಗಿರುವುದು ಸಹಜ. ಅದಕ್ಕೂ ಕಾನೂನಿನಲ್ಲಿ ಉತ್ತರವಿದೆ. ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಬಯಸುವ ಸ್ಥಳದಲ್ಲಿ, ಸಮವಸ್ತ್ರವಿಲ್ಲದ ಪೊಲೀಸರು, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ, ಬರೆದುಕೊಳ್ಳಬೇಕು. ತಂದೆತಾಯಿ ಅಥವಾ ಮಗು ನಂಬುವ ಬೇರೊಬ್ಬರು ಜೊತೆಗಿರಬೇಕು. ವಿಚಾರಣೆ ಮುಚ್ಚಿದ ಬಾಗಿಲ ಒಳಗೆ ನಡೆಯಬೇಕು. 2020ರ ನಿಯಮಗಳ ಪ್ರಕಾರ ಮಕ್ಕಳ ಕಲ್ಯಾಣ ಸಮಿತಿಯು ಕುಟುಂಬಕ್ಕೆ ಒಬ್ಬ ಬೆಂಬಲ ವ್ಯಕ್ತಿಯನ್ನು ಒದಗಿಸಬಹುದು. ಮಗುವಿನ ಸಂಗತಿಗಳನ್ನು ಹೊರಗೆ ಬಿಡದಿರುವುದು ಆ ವ್ಯಕ್ತಿಯ ಒಂದು ಕೆಲಸ. ಪ್ರಕರಣ ಎಲ್ಲಿಗೆ ಬಂತೆಂದು ಮಗುವಿಗೂ ಹೆತ್ತವರಿಗೂ ತಿಳಿಸುತ್ತಿರುವುದು ಇನ್ನೊಂದು ಕೆಲಸ. ಹೊರಗಿನವರಿಗೆ ಬಾಗಿಲು ಮುಚ್ಚಿ ಮನೆಯವರಿಗೆ ತೆರೆಯುವ ಇದೇ ಏರ್ಪಾಡನ್ನು ನಾವು ಆರಂಭದಿಂದಲೂ ನೋಡುತ್ತ ಬಂದಿದ್ದೇವೆ.

ತಂದೆತಾಯಂದಿರು ಮಾಡಬೇಕಾದದ್ದು

ಇಂಥ ಸಂದರ್ಭ ಒದಗಿ ಬಂದರೆ ಕೂಗಾಟದಿಂದಲೂ ಕೆಲಸವಾಗುವುದಿಲ್ಲ, ಕುಗ್ಗಿ ಕೂರುವುದರಿಂದಲೂ ಆಗುವುದಿಲ್ಲ. ಈ ಕೆಲವು ಅಂಶಗಳನ್ನು ನೆನಪಿನಲ್ಲಿಡಿ.

1. ಸಮಿತಿ ಕರೆದ ದಿನ ತಪ್ಪದೆ ಹಾಜರಾಗಿರಿ. ಮಗುವಿನ ಜನನ ಪತ್ರ, ಶಾಲೆಯ ದಾಖಲೆ, ಪಡಿತರ ಚೀಟಿ ಮುಂತಾದವುಗಳನ್ನು ಒಯ್ಯಿರಿ. ಹೆತ್ತವರು ಬಾರದಿದ್ದರೆ ಅವರಿಗೆ ಮಗು ಬೇಡವೆಂಬ ಭಾವನೆ ಮೂಡುತ್ತದೆ.

2. ವರದಿಯ ಸಾರಾಂಶವನ್ನೂ ಆದೇಶದ ಪ್ರತಿಯನ್ನೂ ಅರ್ಜಿ ಬರೆದು ಕೇಳಿರಿ. ಅರ್ಜಿಯ ಒಂದು ಪ್ರತಿಗೆ ಕಚೇರಿಯ ಮೊಹರು ಹಾಕಿಸಿ ಇಟ್ಟುಕೊಳ್ಳಿರಿ. ಮಗುವನ್ನು ಭೇಟಿ ಮಾಡುವ ದಿನ, ವೇಳೆಯನ್ನೂ ವಿಚಾರಿಸಿರಿ.

3. ಮನೆಯಲ್ಲಿ ಏನು ಬದಲಾಗಿದೆ ಎಂಬುದನ್ನು ತೋರಿಸಿಕೊಡಿ. ನಮ್ಮ ಉದಾಹರಣೆಯ ತಾಯಿ, ಚಿಕ್ಕವನನ್ನು ಅಂಗನವಾಡಿಗೆ ಸೇರಿಸಿ, ಸಂಜೆ ಮಕ್ಕಳನ್ನು ನೋಡಿಕೊಳ್ಳಲು ಒಪ್ಪಿದ ತನ್ನ ಅಕ್ಕನನ್ನೇ ಸಮಿತಿಯ ಮುಂದೆ ಕರೆದೊಯ್ದರೆ ಅದು ನೂರು ಮಾತಿಗಿಂತ ಮೇಲು.

4. ಓದದೆ, ಅರ್ಥವಾಗದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಮಗುವನ್ನು ತಾತ್ಕಾಲಿಕವಾಗಿ ಸಂಸ್ಥೆಯಲ್ಲಿ ಬಿಡುವುದು ಬೇರೆ, ಸಮಿತಿಗೆ ಶಾಶ್ವತವಾಗಿ ಒಪ್ಪಿಸಿಬಿಡುವ ಪತ್ರ ಬೇರೆ. ಒಪ್ಪಿಸುವ ಪತ್ರಕ್ಕೆ ಸಹಿ ಹಾಕಿದವರಿಗೂ ಮನಸ್ಸು ಬದಲಾಯಿಸಲು 35ನೆಯ ಕಲಮು ಎರಡು ತಿಂಗಳ ಕಾಲಾವಕಾಶ ಕೊಡುತ್ತದೆ. ಆ ಅವಧಿ ಮೀರಿದ ಮೇಲೆ ಮಗು ದತ್ತು ಹೋಗುವ ದಾರಿ ತೆರೆಯುತ್ತದೆ.

5. ಕಾನೂನು ನೆರವಿಗಾಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿರಿ, ಅಥವಾ 15100ಕ್ಕೆ ಫೋನು ಮಾಡಿರಿ. 1987ರ ಕಾಯ್ದೆಯಂತೆ ಮಹಿಳೆಯರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಉಚಿತವಾಗಿ ವಕೀಲರ ನೆರವು ದೊರೆಯುತ್ತದೆ.

6. ಸಮಿತಿಯ ಆದೇಶ ತಪ್ಪೆಂದು ತೋರಿದರೆ 30 ದಿನಗಳೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು. ಪೋಷಣಾ ಪಾಲನೆ ಮತ್ತು ಪ್ರಾಯೋಜಕತ್ವದ ಆದೇಶಗಳಿಗೆ ಮಾತ್ರ ಜಿಲ್ಲಾ ದಂಡಾಧಿಕಾರಿಗಳ ಬಳಿ ಹೋಗಬೇಕು. ಸಮಿತಿಯ ಕೆಲಸದ ರೀತಿಯ ಬಗ್ಗೆ ದೂರಿದ್ದರೂ ಅವರಿಗೇ ಕೊಡಬೇಕು.

7. ನೀವೂ ಗುಟ್ಟನ್ನು ಕಾಯಿರಿ. ಸಿಟ್ಟಿನ ಭರದಲ್ಲಿ ಮಗುವಿನ ಚಿತ್ರ ಹಿಡಿದು ಟಿ.ವಿ.ಯವರ ಮುಂದೆ ನಿಂತರೆ ಅಥವಾ ಫೋನಿನಲ್ಲಿ ಹರಡಿದರೆ, ನಾಳೆ ಮಗು ಮನೆಗೆ ಬಂದ ಮೇಲೂ ಆ ಚಿತ್ರ ಊರಿನಲ್ಲಿ ಉಳಿಯುತ್ತದೆ.

ಅರಸನ ತೀರ್ಪು

ಸೊಲೊಮೋನ ಅರಸನ ಮುಂದೆ ಒಂದೇ ಮಗುವಿಗಾಗಿ ಇಬ್ಬರು ಹೆಂಗಸರು ಜಗಳವಾಡಿದ ಕಥೆ ನಮಗೆಲ್ಲ ತಿಳಿದದ್ದೇ. ಮಗುವನ್ನು ಎರಡು ಭಾಗ ಮಾಡಿರೆಂದು ಅರಸ ಹೇಳಿದಾಗ, ನಿಜವಾದ ತಾಯಿ ತನ್ನ ಹಕ್ಕನ್ನೇ ಬಿಟ್ಟುಕೊಟ್ಟು ಮಗು ಬದುಕಿದರೆ ಸಾಕೆಂದಳು. ಹೆತ್ತವರ ಹಕ್ಕು ಎಲ್ಲಿಂದ ಹುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಆದರೆ ಈ ಕಥೆಯಲ್ಲಿ ನಾವು ಗಮನಿಸದೆ ಬಿಡುವ ಇನ್ನೆರಡು ಸಂಗತಿಗಳಿವೆ. ಆ ಇಬ್ಬರೂ ಸಮಾಜ ಕೀಳಾಗಿ ಕಾಣುತ್ತಿದ್ದ ಹೆಂಗಸರು. ಆದರೂ ಅರಸ ಇಬ್ಬರ ಮಾತನ್ನೂ ಪೂರ್ತಿಯಾಗಿ ಕೇಳಿದನು. ಕೊನೆಗೆ ಮಗುವನ್ನು ಅರಮನೆಯಲ್ಲಿ ಇಟ್ಟುಕೊಳ್ಳಲಿಲ್ಲ. ತಾಯಿಯ ಕೈಗೇ ಕೊಡಿಸಿದನು.

ಸಮಿತಿಯಲ್ಲಿ ಕುಳಿತವರಿಗೂ, ಮಕ್ಕಳ ಸಂಸ್ಥೆ ನಡೆಸುವ ನಮ್ಮ ಧರ್ಮಭಗಿನಿಯರಿಗೂ, ನೆರೆಹೊರೆಯವರಾದ ನಮಗೂ ಆ ತೀರ್ಪಿನಲ್ಲಿ ಪಾಠವಿದೆ. ನಮ್ಮ ಉದಾಹರಣೆಯ ತಾಯಿಗೆ ಬೇಕಾದದ್ದು ಸಂಜೆಯ ನಾಲ್ಕು ಗಂಟೆ ಮಕ್ಕಳನ್ನು ನೋಡಿಕೊಳ್ಳುವ ಒಬ್ಬರು. ಅವಳ ಮನೆಯ ಸುದ್ದಿಯನ್ನು ಹತ್ತು ಜನರಿಗೆ ಹೇಳುವ ಬದಲು ಒಂದು ಸಂಜೆ ಆ ಮಕ್ಕಳಿಗೆ ಊಟ ಹಾಕಿ ಕೂರಿಸಿಕೊಂಡಿದ್ದರೆ, ಬೀಗ ಹಾಕುವ ಪ್ರಸಂಗವೇ ಬರುತ್ತಿರಲಿಲ್ಲ.

ಕುಟುಂಬದಲ್ಲಿ ಚಿಂತನೆಗೆ

1. ಕಳೆದ ಒಂದು ತಿಂಗಳಲ್ಲಿ ಬೇರೆ ಮನೆಯ ಮಗುವಿನ ಕಷ್ಟವನ್ನು ನಾವು ಯಾರ ಮುಂದೆಯಾದರೂ ಹೆಸರು ಹಿಡಿದು ಆಡಿದ್ದೇವೆಯೇ? ಅದರಿಂದ ಆ ಮಗುವಿಗೆ ಏನು ಒಳ್ಳೆಯದಾಯಿತು?

2. ನಮ್ಮ ಮಗು ಒಂದು ಕಹಿ ಸಂಗತಿಯನ್ನು ಹೇಳಿಕೊಳ್ಳಬೇಕೆಂದರೆ, ಮನೆಯಲ್ಲಿ ಭಯವಿಲ್ಲದೆ ಹೇಳಲು ಯಾರಿದ್ದಾರೆ? ಮಕ್ಕಳನ್ನೇ ಕೇಳಿ ನೋಡಿರಿ.

3. "ಮನೆತನದ ಮಾನ" ಎಂದು ಮುಚ್ಚಿಟ್ಟ ಯಾವುದಾದರೂ ಸಂಗತಿಯಿಂದ ಒಂದು ಮಗು ಇಂದಿಗೂ ನೋಯುತ್ತಿದೆಯೇ?

4. ನಮ್ಮ ಬೀದಿಯಲ್ಲಿ ಒಬ್ಬಂಟಿಯಾಗಿ ಮಕ್ಕಳನ್ನು ಸಾಕುತ್ತಿರುವ ತಾಯಿ ಅಥವಾ ತಂದೆ ಯಾರಾದರೂ ಇದ್ದಾರೆಯೇ? ಈ ವಾರ ಅವರಿಗೆ ಯಾವ ಒಂದು ಸಣ್ಣ ಸಹಾಯ ಮಾಡಬಲ್ಲೆವು?